ಭದ್ರಾವತಿ ಸಿಕ್ಕಿತು, ಕೋಟೆ ಸಿಗಲಿಲ್ಲ

ಸಾಫ್ಟ್‌ವೇರ್ ಕೆಲಸದಲ್ಲಿ ಅತಿ ಹೆಚ್ಚು ಸಲ ಹೇಳುವ ವಾಕ್ಯ ಯಾವುದು ಅಂತ ಸ್ಪರ್ಧೆ ಇಟ್ಟರೆ ನನ್ನ ವೋಟು ಇದಕ್ಕೆ: "ನನ್ನ ಮೆಷಿನ್‌ನಲ್ಲಿ ಸರಿಯಾಗೇ ಇದೆಯಲ್ಲ!" ಟೀ ಮಗ್ಗಿನ ಮೇಲೆ, ಟೀಶರ್ಟಿನ ಮೇಲೆ ಪ್ರಿಂಟ್ ಆಗೋವಷ್ಟು ಹಳೆಯ ಜೋಕು ಇದು. ಆದರೆ ಇದನ್ನು ಜೋಕು ಅಂತ ಪಕ್ಕಕ್ಕಿಡುವ ಮೊದಲು ಒಂದು ಮಾತು. ಇದನ್ನು ಹೇಳುವವರು ಸಾಮಾನ್ಯವಾಗಿ ಸುಳ್ಳು ಹೇಳ್ತಿರೋದಿಲ್ಲ. ಅವರ ಲ್ಯಾಪ್‌ಟಾಪಿನಲ್ಲಿ ನಿಜಕ್ಕೂ ಎಲ್ಲ ಸರಿ ಇರುತ್ತೆ. ಹಾಗಿದ್ದರೂ ಕೇಳಿಸಿಕೊಂಡವರಿಗೆ ಮೈಯೆಲ್ಲ ಉರಿಯುತ್ತೆ. ಯಾಕೆ? ನಿಜವನ್ನೇ ಹೇಳಿ ಹೊಣೆಯಿಂದ ನುಣುಚಿಕೊಳ್ಳೋದು ಸಾಧ್ಯವಾ? ನಮ್ಮಲ್ಲಿ ಸರಿ ಇದ್ದದ್ದು ಬೇರೆ ಕಡೆ ಹೋಗಿ ಮುರಿದು ಬಿದ್ದರೆ ಆ ತಪ್ಪು ಯಾರದು?

ಮೊದಲು ಸಮಸ್ಯೆ ಏನು ಅಂತ ಬೇಗ ಹೇಳಿಬಿಡ್ತೀನಿ. ಗೊತ್ತಿರೋರು ಒಂದು ಪ್ಯಾರಾ ಹಾರಿ. ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಪ್ರೋಗ್ರಾಂ ಅಂದರೆ ನೂರಾರು ಸಣ್ಣ ಸಣ್ಣ ಫೈಲುಗಳ ಸಂಸಾರ. ಒಂದು ಫೈಲು ಇನ್ನೊಂದನ್ನು ಹೆಸರು ಹಿಡಿದು ಕರೆಯುತ್ತೆ. ಹೀಗೆ ಕರೆಸಿಕೊಳ್ಳುವ ತುಂಡಿಗೆ ಮಾಡ್ಯೂಲ್ ಅಂತ ಹೆಸರು. ಕರೆದ ಹೆಸರಿನವರು ಮನೇಲಿಲ್ಲ ಅಂದರೆ 'ಕ್ಯಾನಾಟ್ ಫೈಂಡ್ ಮಾಡ್ಯೂಲ್' ಅನ್ನೋ ಕೆಂಪಕ್ಷರ. ಮಜಾ ಏನಂದರೆ, ಈ ಎರರ್ ಎಷ್ಟೋ ಸಲ ಲ್ಯಾಪ್‌ಟಾಪಿನಲ್ಲಿ ಬರೋದೇ ಇಲ್ಲ, ಕ್ಲೌಡಿಗೆ ಏರಿಸಿದ ಮೇಲೇ ಬರುತ್ತೆ. ಕಾರಣಗಳು ಕೆಲವೇ. ಫೈಲಿನ ಹೆಸರು ದೊಡ್ಡ ಎಚ್‌ನಿಂದ ಶುರುವಾಗಿರುತ್ತೆ, ಕರೆಯೋವಾಗ ಸಣ್ಣ ಎಚ್ ಬರೆದಿರ್ತೀವಿ. ವಿಂಡೋಸ್, ಮ್ಯಾಕ್ ಎರಡೂ ಸಾಮಾನ್ಯವಾಗಿ ಈ ವ್ಯತ್ಯಾಸ ಲೆಕ್ಕಕ್ಕಿಡಲ್ಲ. ಕ್ಲೌಡಿನಲ್ಲಿರುವ ಲಿನಕ್ಸ್ ಇಡುತ್ತೆ. ಇಲ್ಲವೇ, ಬೇಕಾದ ಒಂದು ಪ್ಯಾಕೇಜನ್ನು 'ಬರೀ ಡೆವಲಪ್‌ಮೆಂಟಿಗೆ' ಅನ್ನೋ ಪಟ್ಟಿಯಲ್ಲಿ ಸೇರಿಸಿರ್ತೀವಿ. ಪ್ರೊಡಕ್ಷನ್‌ನಲ್ಲಿ ಆ ಪಟ್ಟಿಯನ್ನು ಇನ್‌ಸ್ಟಾಲ್ ಮಾಡೋದಿಲ್ಲ. ಇಲ್ಲವೇ, ಯಾವತ್ತೋ ಲ್ಯಾಪ್‌ಟಾಪಿಗೆ ಗ್ಲೋಬಲ್ ಆಗಿ ಹಾಕಿಕೊಂಡ ಒಂದು ಟೂಲ್ ಸದ್ದಿಲ್ಲದೆ ಕೆಲಸ ಮಾಡ್ತಿರುತ್ತೆ, ಅದು ಯಾವ ಪಟ್ಟಿಯಲ್ಲೂ ಇರೋದಿಲ್ಲ. ಇಲ್ಲವೇ, ಇಲ್ಲಿನ ನೋಡ್ ಆವೃತ್ತಿ ಒಂದು, ಅಲ್ಲಿನದು ಇನ್ನೊಂದು.

ಈ ಎಲ್ಲ ಕಾರಣಗಳಿಗೂ ಒಂದು ಹೋಲಿಕೆ ಇದೆ. ಪ್ರತಿಯೊಂದರಲ್ಲೂ ನಮ್ಮ ಮೆಷಿನ್ ನಮಗೆ ಏನೋ ಒಂದು ಉಪಕಾರ ಮಾಡಿರುತ್ತೆ, ಮಾಡಿದ್ದನ್ನು ಹೇಳಿರೋದಿಲ್ಲ. ಮನೆಯಲ್ಲಿ ಊಟದ ತಟ್ಟೆ ತೊಳೆದಿಟ್ಟವರು ಯಾರು ಅಂತ ಹಾಸ್ಟೆಲಿಗೆ ಹೋದ ಮೇಲೆ ಗೊತ್ತಾಗುತ್ತಲ್ಲ, ಹಾಗೆ.

ಇದರ ಅತಿ ಚೆಂದದ ಉದಾಹರಣೆ ನನಗೆ ಸಿಕ್ಕಿದ್ದು ಶಿವಮೊಗ್ಗದ ಕೋಟೆಯಲ್ಲಿ. ಶಿವಪ್ಪ ನಾಯಕನ ಅರಮನೆ, ಆಂಜನೇಯನ ದೇವಸ್ಥಾನ, ಪಕ್ಕದಲ್ಲೇ ತುಂಗೆ ಇರುವ ಹಳೇ ಬಡಾವಣೆ ಅದು. ಅಲ್ಲೊಂದು ಬಾಡಿಗೆ ರೂಮಿನಲ್ಲಿ ಕೂತು ಫ್ರೀಲಾನ್ಸ್ ಕೆಲಸ ಮಾಡುವ ಪರಿಚಯದ ಹುಡುಗನೊಬ್ಬನಿದ್ದಾನೆ. ಊರು ಭದ್ರಾವತಿ. ಜಿಲ್ಲೆಯಲ್ಲಿ ಪ್ರವಾಸ ಏರ್ಪಡಿಸುವ ಒಂದು ಸಂಸ್ಥೆಗೆ ಅವನು ವೆಬ್‌ಸೈಟ್ ಮಾಡಿಕೊಟ್ಟ. ಏಳು ತಾಲ್ಲೂಕಿಗೆ ಏಳು ಮಾಡ್ಯೂಲ್, ನಗರದ ಒಂದೊಂದು ಬಡಾವಣೆಗೂ ಒಂದೊಂದು. ಯಾವ ಊರಿನ ಪುಟ ತೆರೆಯುತ್ತೇವೋ ಆಗ ಆ ಊರಿನ ಮಾಡ್ಯೂಲನ್ನು ಸರ್ವರ್ ಕರೆಯುತ್ತೆ. ಫೈಲುಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದ. ಅದಕ್ಕೆ ಅವನ ಸಮರ್ಥನೆಯೂ ಜಾಣತನದ್ದೇ: "ಕನ್ನಡದಲ್ಲಿ ಕ್ಯಾಪಿಟಲ್ ಲೆಟರ್ ಇಲ್ಲವಲ್ಲ ಸಾರ್, ದೊಡ್ಡ ಎಚ್ಚು ಸಣ್ಣ ಎಚ್ಚಿನ ತಾಪತ್ರಯಾನೇ ಇಲ್ಲ."

ಅವನ ಮ್ಯಾಕ್‌ಬುಕ್‌ನಲ್ಲಿ ಎಲ್ಲ ಊರುಗಳೂ ತೆರೆದುಕೊಂಡವು. ಕ್ಲೌಡಿಗೆ ಏರಿಸಿದ ಮೇಲೆ ಭದ್ರಾವತಿ, ಸಾಗರ, ಶಿಕಾರಿಪುರ ಮೂರೇ ತೆರೆದವು. ಶಿವಮೊಗ್ಗ, ತೀರ್ಥಹಳ್ಳಿ, ಸೊರಬ, ಹೊಸನಗರ ಇಲ್ಲ. ನಗರದೊಳಗೆ ದುರ್ಗಿಗುಡಿ ಇತ್ತು, ಗಾಂಧಿ ಬಜಾರ್ ಇತ್ತು. ಗೋಪಾಳ ಇಲ್ಲ, ವಿನೋಬನಗರ ಇಲ್ಲ, ಅವನು ಕೂತಿದ್ದ ಕೋಟೆಯೂ ಇಲ್ಲ! ಲಾಗ್‌ನಲ್ಲಿ ಪ್ರತಿಯೊಂದಕ್ಕೂ ಅದೇ ಮಾತು, ಮಾಡ್ಯೂಲ್ ಸಿಗಲಿಲ್ಲ. ಸರ್ವರಿನ ಫೋಲ್ಡರ್ ತೆರೆದು ನೋಡಿದರೆ 'ಕೋಟೆ' ಅನ್ನುವ ಫೈಲು ಕಣ್ಣೆದುರಿಗೇ ಇದೆ. ಕೋಡಿನಲ್ಲಿ ಕರೆದಿರೋ ಹೆಸರೂ 'ಕೋಟೆ'ನೇ.

ಆ ಸಂಸ್ಥೆಯವರಿಗೆ ಲಾಗ್ ಗೀಗ್ ಗೊತ್ತಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಭದ್ರಾವತಿ ಹುಡುಗ ಭದ್ರಾವತಿ ಪುಟ ನೀಟಾಗಿ ಮಾಡಿದ್ದಾನೆ, ಶಿವಮೊಗ್ಗಾನ ಅರ್ಧಕ್ಕೆ ಬಿಟ್ಟಿದ್ದಾನೆ. ಎರಡೂ ಊರಿನ ನಡುವೆ ಇರೋದು ಸುಮಾರು 20 ಕಿಲೋಮೀಟರ್, ಕಾಲೆಳೆಯೋ ಮಾತು ಅದಕ್ಕಿಂತ ಉದ್ದ. ಮೊದಲು ತಮಾಷೆಯಾಗಿ ಶುರುವಾದದ್ದು ಎರಡನೇ ದಿನಕ್ಕೆ ತಮಾಷೆಯಾಗಿ ಉಳಿಯಲಿಲ್ಲ. ಕೆಲಸ ಮುಗಿಸದೇ ಮುಗಿಸಿದೆ ಅಂದಿದ್ದಾನೆ ಅನ್ನೋ ಮಾತು ಬಂತು, ಕೊನೆಯ ಕಂತಿನ ಹಣ ನಿಂತಿತು. ಅವನು ತನ್ನ ಲ್ಯಾಪ್‌ಟಾಪಿನ ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸಿದ. ನೋಡಿ, ನನ್ನ ಮೆಷಿನ್‌ನಲ್ಲಿ ಸರಿಯಾಗೇ ಇದೆ. ಅದು ಅವರ ಸಿಟ್ಟನ್ನು ಹೆಚ್ಚೇ ಮಾಡಿತು.

ಸಿಗದ ಊರುಗಳ ಹೆಸರನ್ನು ಇನ್ನೊಮ್ಮೆ ಓದಿ ನೋಡಿ. ಕೋಟೆ, ಗೋಪಾಳ, ವಿನೋಬನಗರ, ಶಿವಮೊಗ್ಗ, ಸೊರಬ, ಹೊಸನಗರ, ತೀರ್ಥಹಳ್ಳಿ. ಒಂದಲ್ಲ ಒಂದು ಕಡೆ ಕೊ, ಕೋ ಅಥವಾ ಕೀ ಥರದ ಕಾಗುಣಿತ ಇದೆ. ಸಿಕ್ಕ ಊರುಗಳಲ್ಲಿ ಅವು ಯಾವುವೂ ಇಲ್ಲ. ಗುಟ್ಟು ಇರೋದು ಇಲ್ಲೇ. ಯೂನಿಕೋಡ್‌ನಲ್ಲಿ 'ಕೋ' ಬರೆಯೋಕೆ ಎರಡು ದಾರಿ ಇವೆ. ಕ ಬರೆದು, ಓತ್ವವನ್ನು ಒಂದೇ ಸಂಕೇತವಾಗಿ ಸೇರಿಸಬಹುದು. ಇಲ್ಲವೇ ಎತ್ವ, ಕೊಂಬಿನ ಇಳಿ, ದೀರ್ಘ ಅಂತ ಮೂರು ಸಂಕೇತಗಳಾಗಿ ಬಿಡಿಸಿ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ 'ಕೋ'. ಆದರೆ ಮೊದಲನೇ ರೀತಿಯಲ್ಲಿ 'ಕೋಟೆ' ಅಂದರೆ 4 ಸಂಕೇತ, 12 ಬೈಟ್. ಎರಡನೇ ರೀತಿಯಲ್ಲಿ 6 ಸಂಕೇತ, 18 ಬೈಟ್. ಈ ಎರಡು ದಾರಿ ಇರೋದು ಕೀ, ಕೇ, ಕೈ, ಕೊ, ಕೋ ಥರದ ಐದು ಕಾಗುಣಿತಕ್ಕೆ ಮಾತ್ರ. 'ಭದ್ರಾವತಿ'ಯಲ್ಲಿ ಅವು ಒಂದೂ ಇಲ್ಲ. ಅದಕ್ಕೇ ಅದು ಪಾಸು.

ಅವನು ಮ್ಯಾಕ್‌ನ ಫೈಂಡರ್‌ನಲ್ಲಿ ಹೆಸರಿಟ್ಟಾಗ ಫೈಲಿನ ಹೆಸರು ಬಿಡಿಸಿದ ರೂಪದಲ್ಲಿ ಕೂತಿತು. ಟರ್ಮಿನಲ್‌ನಲ್ಲಿ ಫೈಲುಗಳ ಪಟ್ಟಿ ತೆಗೆದು, ಅಲ್ಲಿಂದ ಹೆಸರು ಕಾಪಿ ಮಾಡಿ ಕೋಡಿಗೆ ಹಾಕಿದ. ಅದೂ ಬಿಡಿಸಿದ ರೂಪವೇ. ಆದರೆ ಕೋಡನ್ನು ಸರ್ವರಿಗೆ ಸಾಗಿಸಿದ ಗಿಟ್, ಮ್ಯಾಕ್‌ನಲ್ಲಿದ್ದಾಗ ಫೈಲಿನ ಹೆಸರುಗಳನ್ನು ಕೂಡಿಸಿದ ರೂಪಕ್ಕೆ ತಿರುಗಿಸಿಕೊಳ್ಳುತ್ತೆ. ಫೈಲಿನ ಒಳಗೆ ಬರೆದದ್ದನ್ನು ಅದು ಮುಟ್ಟೋದಿಲ್ಲ. ಹೀಗಾಗಿ ಲಿನಕ್ಸ್‌ಗೆ ಸಿಕ್ಕಿದ್ದು 12 ಬೈಟಿನ ಕೋಟೆ, ಕೋಡು ಹುಡುಕಿದ್ದು 18 ಬೈಟಿನ ಕೋಟೆ. ಮ್ಯಾಕ್ ಎರಡನ್ನೂ ಒಂದೇ ಅಂತ ಒಪ್ಪಿಕೊಳ್ಳುತ್ತೆ, ಲಿನಕ್ಸ್ ಬೈಟ್ ಎಣಿಸುತ್ತೆ. ಹೆಸರನ್ನು ಒಂದೇ ರೂಪಕ್ಕೆ ತರುವ 'ನಾರ್ಮಲೈಸ್' ಅನ್ನೋ ಸೌಲಭ್ಯ ಜಾವಾಸ್ಕ್ರಿಪ್ಟ್‌ನಲ್ಲೇ ಇದೆ. ಅದನ್ನು ಬಳಸಿ ಒಂದು ಸಾಲು ಸೇರಿಸಿದರೆ ಸಮಸ್ಯೆ ಮುಗಿಯಿತು. ಆ ಸಾಲು ಎಲ್ಲಿ ಬೇಕು ಅಂತ ಕಂಡುಹಿಡಿಯೋಕೆ ಎರಡು ದಿನ ಹಿಡಿಯಿತು.

ಆಮೇಲೆ ಅವನು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ. "ಈ ಎರಡು ದಿನದ ಕೆಲಸಕ್ಕೆ ನಾನು ಬಿಲ್ ಹಾಕಬಹುದಾ? ತಪ್ಪು ನನ್ನದಲ್ಲವಲ್ಲ."

ಅವನ ಮಾತಿನಲ್ಲಿ ಹುರುಳಿದೆ. ತಪ್ಪು ಯಾರದು ಅಂತ ಒಬ್ಬೊಬ್ಬರನ್ನೇ ಕಟಕಟೆಗೆ ಕರೆಯೋಣ. ಹುಡುಗ ಹೆಸರನ್ನು ಸರಿಯಾಗೇ ಬರೆದಿದ್ದ, ಒಂದು ಕಾಗುಣಿತವೂ ತಪ್ಪಿರಲಿಲ್ಲ. ಮ್ಯಾಕ್ ಮಾಡಿದ್ದು ಕನ್ನಡ ಬಲ್ಲವರು ಮಾಡುವುದನ್ನೇ, ಎರಡೂ ಕೋಟೆ ಒಂದೇ ಅಂದಿತು. ಬೇರೆ ಬೇರೆ ಕಂಪ್ಯೂಟರಿನವರು ಕೂಡಿ ಕೆಲಸ ಮಾಡೋವಾಗ ಹೆಸರುಗಳು ಒಂದೇ ರೂಪದಲ್ಲಿರಲಿ ಅಂತ ಗಿಟ್ ಒಳ್ಳೇ ಉದ್ದೇಶಕ್ಕೇ ತಿರುಗಿಸಿತು. ಲಿನಕ್ಸ್ ತನಗೆ ಕೊಟ್ಟ ಹೆಸರನ್ನು ಒಂದು ಬೈಟೂ ಬದಲಿಸದೆ ಕಾಪಾಡಿತು. ನಾಲ್ವರದೂ ನಡತೆ ಸರಿ. ಆದರೂ ಕೋಟೆ ಸಿಗಲಿಲ್ಲ.

ಇಂಥ ಜಾಗದಲ್ಲಿ ನಾವು ಎರಡು ಪದಗಳನ್ನು ಕಲಸಿಬಿಡ್ತೀವಿ ಅಂತ ನನಗನ್ನಿಸುತ್ತೆ: ತಪ್ಪು ಮತ್ತು ಹೊಣೆ. ತಪ್ಪು ಹಿಂದಕ್ಕೆ ನೋಡೋ ಪದ, ಯಾರು ಮಾಡಿದರು ಅಂತ ಕೇಳುತ್ತೆ. ಹೊಣೆ ಮುಂದಕ್ಕೆ ನೋಡೋ ಪದ, ಈಗ ಯಾರು ಎದ್ದು ಹೋಗಿ ನೋಡ್ತಾರೆ ಅಂತ ಕೇಳುತ್ತೆ. "ನನ್ನ ಮೆಷಿನ್‌ನಲ್ಲಿ ಸರಿಯಾಗೇ ಇದೆ" ಅನ್ನೋದು ಮೊದಲನೇ ಪ್ರಶ್ನೆಗೆ ಪ್ರಾಮಾಣಿಕ ಉತ್ತರ. ಆದರೆ ಎದುರಿನವರು ಕೇಳಿರೋದು ಎರಡನೇ ಪ್ರಶ್ನೆ. ಅವರ ಪರದೆ ಖಾಲಿ ಇದೆ, ನಾಳೆ ಬೆಳಿಗ್ಗೆ ಗಿರಾಕಿಗಳು ಬರ್ತಾರೆ. ಅವರಿಗೆ ಅವನ ನಿರಪರಾಧಿತ್ವದ ವಿಡಿಯೋ ತಗೊಂಡು ಏನಾಗಬೇಕು?

ಇದು ಜಾವಾಸ್ಕ್ರಿಪ್ಟಿಗಿಂತ ಹಳೆಯ ಕಥೆ. ಯೂನಿಕೋಡ್ ಬಳಕೆ ಹರಡುವ ಮೊದಲು ನುಡಿ, ಬರಹದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಯನ್ನೋ ಲೇಖನವನ್ನೋ ಇಮೇಲ್ ಮಾಡಿದವರಿಗೆ ಗೊತ್ತು. ಆ ಕಡೆಯವರಿಗೆ ಆ ಫಾಂಟ್ ಇಲ್ಲದಿದ್ದರೆ ಕಾಣ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. "ನನ್ನಲ್ಲಿ ಚೆನ್ನಾಗಿ ಕಾಣ್ತಿದೆಯಲ್ಲ" ಅಂತ ಈ ಕಡೆಯಿಂದ ಫೋನು. ಎಷ್ಟು ಡಿಟಿಪಿ ಅಂಗಡಿಗಳಲ್ಲಿ ಎಷ್ಟು ಜಗಳ ಆಗಿದೆಯೋ! ಬುದ್ಧಿವಂತರು ಮಾಡ್ತಿದ್ದದ್ದು ಒಂದೇ ಕೆಲಸ, ಪತ್ರದ ಜೊತೆಗೆ ಫಾಂಟನ್ನೂ ಕಳಿಸೋದು. ನಾನು ಯಾವುದರ ಮೇಲೆ ನಿಂತು ಇದನ್ನು ಬರೆದೆನೋ ಅದನ್ನೂ ತಗೋ ಅಂತ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಹಾಗಾದರೆ ಕಟ್ಟುನಿಟ್ಟಿನ ಲಿನಕ್ಸೇ ಗುರು, ಸಡಿಲ ಬಿಡೋ ಮ್ಯಾಕ್ ನಮ್ಮನ್ನು ಹಾಳು ಮಾಡ್ತಿದೆ ಅಂತ ತೀರ್ಪು ಕೊಡೋಣವಾ? ನಾನು ಒಪ್ಪೋದಿಲ್ಲ. ಕನ್ನಡ ಓದೋರ ಕಣ್ಣಲ್ಲಿ ಆ ಎರಡು ಕೋಟೆಗಳು ನಿಜಕ್ಕೂ ಒಂದೇ. ಬೈಟ್ ಎಣಿಸಿ ಬೇರೆ ಅನ್ನೋದು ಶಿಸ್ತು ಇರಬಹುದು, ತಿಳಿವಳಿಕೆ ಅಲ್ಲ. ಊರು ನಡೆಯೋದೇ ಈ ಸಡಿಲದಿಂದ. 2014ರ ನವೆಂಬರ್ 1ರಂದು ಇಂಗ್ಲಿಷಿನ 'ಶಿಮೊಗ' ಅಧಿಕೃತವಾಗಿ 'ಶಿವಮೊಗ್ಗ' ಆಯಿತು. ರೈಲ್ವೆ ನಿಲ್ದಾಣದ ಕೋಡು ಮಾತ್ರ ಇವತ್ತಿಗೂ ಹಳೇ ಹೆಸರಿನ ಎಸ್‌ಎಂಇಟಿ. ಹಾಗಂತ ಯಾರೂ ರೈಲು ತಪ್ಪಿಸಿಕೊಂಡಿಲ್ಲ. ಎರಡೂ ಹೆಸರು ಒಂದೇ ಊರು ಅಂತ ಎಲ್ಲರಿಗೂ ಗೊತ್ತಿದೆ.

ಈ ಕೊನೇ ಮಾತಿನಲ್ಲೇ ವ್ಯತ್ಯಾಸ ಇದೆ ನೋಡಿ. ಶಿಮೊಗ-ಶಿವಮೊಗ್ಗದ ಸಡಿಲ ಎಲ್ಲರಿಗೂ ಗೊತ್ತಿರುವ ಸಡಿಲ. ಮ್ಯಾಕ್ ಕೊಟ್ಟದ್ದು ಹೇಳದೇ ಕೊಟ್ಟ ಸಡಿಲ. ಔದಾರ್ಯದಲ್ಲಿ ದೋಷ ಇಲ್ಲ. ತಾನು ಔದಾರ್ಯದ ಮೇಲೆ ಬದುಕ್ತಿದ್ದೀನಿ ಅಂತ ಪಡೆದವರಿಗೆ ಗೊತ್ತಿಲ್ಲದಿದ್ದಾಗ ತೊಂದರೆ ಶುರು. ಆ ಸಡಿಲವನ್ನೇ ತನ್ನ ಸಾಮರ್ಥ್ಯ ಅಂದುಕೊಂಡು ಇನ್ನೊಂದು ಊರಿಗೆ ಹೊರಟುಬಿಡ್ತಾರೆ.

ಹುಡುಗನ ಊರಿನದೇ ಉದಾಹರಣೆ ಕೊಡ್ತೀನಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಆಗಿನ ಮೈಸೂರು ಐರನ್ ವರ್ಕ್ಸ್, 1923ರಲ್ಲಿ ಉತ್ಪಾದನೆ ಶುರು ಮಾಡಿತು. ಈಗ ಅದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಅಲ್ಲಿನ ಊದುಕುಲುಮೆ ಉರಿದದ್ದು ಇದ್ದಿಲಿನಿಂದ. ಇದ್ದಿಲು ಮಲೆನಾಡಿನ ಮರದಿಂದ, ಅದಿರು ಕೆಮ್ಮಣ್ಣುಗುಂಡಿಯಿಂದ, ನೀರು ಭದ್ರೆಯಿಂದ. ಕಾರ್ಖಾನೆ ಅಲ್ಲೇ ಯಾಕೆ ಅಂದರೆ ಇವೆಲ್ಲ ಅಲ್ಲೇ ಹತ್ತಿರ ಇದ್ದದ್ದಕ್ಕೆ. 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದಾಗ ಅವಲಂಬನೆಯ ಪಟ್ಟಿಯೂ ಬದಲಾಯಿತು. ಕುಲುಮೆ ನಡೆಸುವವರಿಗೆ ತಾವು ಏನನ್ನು ನಂಬಿಕೊಂಡಿದ್ದೇವೆ ಅನ್ನೋದು ಮರೆಯೋಕೆ ಸಾಧ್ಯವಿಲ್ಲ. ಇದ್ದಿಲು ಬರದಿದ್ದರೆ ಬೆಂಕಿ ಆರುತ್ತೆ, ಅಷ್ಟೇ. ನಮ್ಮ ಕೆಲಸದಲ್ಲಿ ಇದ್ದಿಲು ಕಣ್ಣಿಗೇ ಕಾಣಲ್ಲ. 2016ರ ಮಾರ್ಚ್‌ನಲ್ಲಿ 'ಲೆಫ್ಟ್‌ಪ್ಯಾಡ್' ಅನ್ನೋ 11 ಸಾಲಿನ ಪುಟ್ಟ ಮಾಡ್ಯೂಲನ್ನು ಬರೆದವರು ಎನ್‌ಪಿಎಂ ಉಗ್ರಾಣದಿಂದ ಹಿಂತೆಗೆದುಕೊಂಡಾಗ ಜಗತ್ತಿನ ಎಲ್ಲೆಲ್ಲೋ ಬಿಲ್ಡ್‌ಗಳು ಮುರಿದವು. ತಾವು ಅದರ ಮೇಲೆ ನಿಂತಿದ್ದೇವೆ ಅಂತ ಎಷ್ಟೋ ಜನಕ್ಕೆ ಗೊತ್ತಾದದ್ದೇ ಅವತ್ತು.

ಹಾಗಾಗಿ ನೈತಿಕವಾಗಿ ನಮ್ಮ ಮೇಲಿರೋ ಮೊದಲ ಕರ್ತವ್ಯ, ಸಾಲದ ಪಟ್ಟಿ ಬರೆಯೋದು. ನಮ್ಮ ವೃತ್ತಿಯಲ್ಲಿ ಅದಕ್ಕೆ ಸಾಧನಗಳಿವೆ. ಯಾವ ನೋಡ್ ಆವೃತ್ತಿ ಬೇಕು ಅಂತ ಬರೆದಿಡಿ. ಲಾಕ್ ಫೈಲನ್ನು ಕೋಡಿನ ಜೊತೆಗೇ ಕಳಿಸಿ. ನಿಮ್ಮ ಹಳೇ ಫೋಲ್ಡರಿನಲ್ಲಿ ಅಲ್ಲ, ಖಾಲಿ ಫೋಲ್ಡರಿನಲ್ಲಿ, ಪ್ರೊಡಕ್ಷನ್‌ನಲ್ಲಿರೋ ಲಿನಕ್ಸಿನಂಥದ್ದೇ ಕಂಟೇನರಿನಲ್ಲಿ ಒಮ್ಮೆ ಮೊದಲಿನಿಂದ ಇನ್‌ಸ್ಟಾಲ್ ಮಾಡಿ ಓಡಿಸಿ. ಇದೆಲ್ಲ ಬರೀ ತಾಂತ್ರಿಕ ಶಿಸ್ತು ಅಂತ ಹೇಳಿಕೊಡ್ತಾರೆ. ನನಗೆ ಇದು ಪ್ರಾಮಾಣಿಕತೆಯ ಒಂದು ಬಗೆ ಅನ್ನಿಸುತ್ತೆ. ಇದು ನನ್ನೊಬ್ಬನಿಂದ ಆದದ್ದಲ್ಲ, ಇಂಥಿಂಥವರ ಆಸರೆಯಿಂದ ಆದದ್ದು ಅಂತ ಬರೆದು ಸಹಿ ಹಾಕಿದ ಹಾಗೆ.

ಆದರೆ ಪಟ್ಟಿ ಎಂದೂ ಪೂರ್ತಿ ಆಗೋದಿಲ್ಲ. ಸೌದೆಯ ಬೆಲೆ ಬರೆಯಬಹುದು, ಕಾಡು ಮತ್ತೆ ಬೆಳೆಯೋಕೆ ಬೇಕಾದ ವರ್ಷಗಳನ್ನು ಯಾವ ಕಾಲಂನಲ್ಲಿ ಬರೆಯೋದು? 'ನನ್ನ ಕಂಪ್ಯೂಟರು ಎರಡು ಬಗೆಯ ಓತ್ವವನ್ನು ಒಂದೇ ಅಂತ ತಿಳಿಯುತ್ತೆ' ಅಂತ ಯಾವ ಹುಡುಗ ತಾನೇ ಮೊದಲೇ ಬರೆದಾನು? ಗೊತ್ತಿಲ್ಲದ ಉಪಕಾರಕ್ಕೆ ಕೃತಜ್ಞತೆ ಹೇಳೋಕೆ ಬರಲ್ಲ. ಅದಕ್ಕೇ ಎರಡನೇ ಕರ್ತವ್ಯ ಒಂದಿದೆ, ಅದು ಮೊದಲನೆಯದಕ್ಕಿಂತ ದೊಡ್ಡದು: ಒಪ್ಪಿಸಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತಿರೋದು. ಶುಕ್ರವಾರ ಸಂಜೆ ಡಿಪ್ಲಾಯ್ ಬಟನ್ ಒತ್ತಿ ಲ್ಯಾಪ್‌ಟಾಪ್ ಮುಚ್ಚಿ ಬಸ್ ಹತ್ತೋದಲ್ಲ. ಅವರ ಪರದೆಯಲ್ಲಿ ಅವರ ಊರು ತೆರೆದುಕೊಳ್ತಾ ಇದೆಯಾ ಅಂತ ನೋಡೋದು. ಮದುಮಗಳನ್ನು ಕಳಿಸಿಕೊಟ್ಟು ಕೈತೊಳೆದುಕೊಳ್ಳದೆ ಜೊತೆಗೆ ಒಬ್ಬರು ಹೋಗಿ ಎರಡು ದಿನ ಇದ್ದು ಬರ್ತಾರಲ್ಲ, ಆ ಲೆಕ್ಕ.

ಇದೇ ಕಣ್ಣಿನಿಂದ ನಮ್ಮ ಆಫೀಸುಗಳನ್ನೂ ನೋಡಬಹುದು. "ಹಳೇ ಕಂಪನೀಲಿ ಸ್ಟಾರ್ ಆಗಿದ್ರಂತೆ, ಇಲ್ಲಿ ಬಂದು ಏನೂ ಮಾಡ್ತಿಲ್ಲ" ಅಂತ ಹೊಸಬರ ಬಗ್ಗೆ ಮಾತಾಡ್ತೀವಿ. ಮೊದಲಿದ್ದ ಜಾಗದಲ್ಲಿ ಅವರ ಅರ್ಧ ಮಾತನ್ನೇ ಪೂರ್ತಿ ಅರ್ಥ ಮಾಡಿಕೊಳ್ಳುವವರು ಇದ್ದಿರಬಹುದು. ಇಲ್ಲಿ ನಾವು ಬೈಟ್ ಎಣಿಸ್ತಿರಬಹುದು. ಹೊಸಬರ ಹೊಣೆ, ತಮಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳೋದು. ನಮ್ಮ ಹೊಣೆ, ಸಿಗಲಿಲ್ಲ ಅಂತ ಲಾಗ್ ಬರೆದು ಕೂರದೆ, ಏನು ಹುಡುಕ್ತಿದ್ದೀರಿ ಅಂತ ಒಮ್ಮೆ ಕೇಳೋದು. ಎರಡರಲ್ಲಿ ಯಾವುದು ತಪ್ಪಿದರೂ 'ಇವರಿಗೆ ಯೋಗ್ಯತೆ ಇಲ್ಲ' ಅನ್ನೋ ಸುಲಭದ ತೀರ್ಮಾನಕ್ಕೆ ಬಂದು ನಿಲ್ತೀವಿ, ಭದ್ರಾವತಿ ಹುಡುಗ ಬೇಕಂತಲೇ ಶಿವಮೊಗ್ಗ ಬಿಟ್ಟ ಅಂದ ಹಾಗೆ. ಕಾರಣ ಗೊತ್ತಿಲ್ಲದ ಜಾಗಕ್ಕೆ ಉದ್ದೇಶವನ್ನು ತುಂಬೋದು ನಮ್ಮೆಲ್ಲರ ಹಳೇ ಚಾಳಿ.

ಇನ್ನು ಬಿಲ್ಲಿನ ಪ್ರಶ್ನೆ. ನಾನು ಹೇಳಿದ್ದು ಹೀಗೆ. ಸರಿಪಡಿಸಿದ್ದಕ್ಕೆ ಬಿಲ್ ಹಾಕಬೇಡ. ಎಲ್ಲ ಊರೂ ತೆರೆದುಕೊಳ್ಳುತ್ತೆ ಅಂತ ನೀನು ಮಾತು ಕೊಟ್ಟಿದ್ದು ನಿನ್ನ ರೂಮಿಗಲ್ಲ, ಅವರ ಗಿರಾಕಿಗಳಿಗೆ. ತಪ್ಪು ನಿನ್ನದಲ್ಲದಿದ್ದರೂ ಮಾತು ನಿನ್ನದು. ಆದರೆ ಇನ್ನು ಮುಂದೆ ಹೊಸ ಊರು ಸೇರಿಸಿದಾಗಲೆಲ್ಲ ಹೆಸರನ್ನು ತಾನೇ ಪರೀಕ್ಷಿಸುವ ಟೆಸ್ಟ್ ಬರೆದುಕೊಡ್ತೀನಿ ಅಂತ ಹೇಳು, ಅದಕ್ಕೆ ದರ ಹಾಕು. ಅದು ಹೊಸ ಕೆಲಸ. ಮತ್ತೆ, ಏನಾಯಿತು ಅನ್ನೋದನ್ನು ಅವರಿಗೆ ಅರ್ಥವಾಗೋ ಕನ್ನಡದಲ್ಲಿ ಅರ್ಧ ಪುಟ ಬರೆದು ಕಳಿಸು. ಅದು ಕ್ಷಮೆ ಕೇಳೋ ಪತ್ರ ಆಗಬಾರದು, ವಾದ ಮಾಡೋ ಪತ್ರವೂ ಆಗಬಾರದು. ನಿನ್ನ ಮೇಲೆ ಬಂದ ಪಕ್ಷಪಾತದ ಮಾತು ವಾಪಸ್ ಹೋಗಬೇಕು ಅಂತ ಕೇಳೋ ಹಕ್ಕು ನಿನಗಿದೆ. ಆದರೆ ಕಾರಣ ವಿವರಿಸಿದ ಮೇಲೇ ಆ ಹಕ್ಕಿಗೆ ಬೆಲೆ.

ಅವನಿಗೆ ಮೊದಲನೇ ಮಾತು ಅಷ್ಟು ಇಷ್ಟ ಆಗಲಿಲ್ಲ. ಎರಡು ದಿನದ ದುಡಿಮೆ ಫ್ರೀಲಾನ್ಸ್ ಮಾಡೋರಿಗೆ ಸಣ್ಣದಲ್ಲ, ಅದು ನನಗೂ ಗೊತ್ತು. ದೊಡ್ಡ ಕಂಪನಿಯಲ್ಲಾದರೆ ಇಂಥ ಎರಡು ದಿನ ಸಂಬಳದೊಳಗೆ ಸೇರಿಹೋಗುತ್ತೆ. ಒಬ್ಬಂಟಿಗೆ ಅದು ರೂಮಿನ ಬಾಡಿಗೆ. ಹೊಣೆ ಹೊರಬೇಕು ಅಂತ ಉಪದೇಶ ಮಾಡೋರು ಹೊರೆಯ ತೂಕ ಎಲ್ಲರಿಗೂ ಒಂದೇ ಅಲ್ಲ ಅನ್ನೋದನ್ನೂ ಒಪ್ಪಬೇಕು. ಹಾಗಾಗಿ ಇನ್ನೊಂದು ಸಲಹೆ ಸೇರಿಸಿದೆ: ಮುಂದಿನ ಕೆಲಸದ ಕೊಟೇಷನ್‌ನಲ್ಲಿ 'ಏರಿಸಿದ ಮೇಲೆ ಎರಡು ದಿನ ಜೊತೆಗಿರುತ್ತೇನೆ' ಅಂತ ಒಂದು ಸಾಲು ಹಾಕಿ ಅದಕ್ಕೂ ಬೆಲೆ ಕಟ್ಟು. ಜೊತೆಗಿರೋದು ಕರ್ತವ್ಯ ಅಂದಮಾತ್ರಕ್ಕೆ ಪುಕ್ಕಟೆ ಆಗಬೇಕು ಅಂತೇನಿಲ್ಲ.

"ನನ್ನ ಮೆಷಿನ್‌ನಲ್ಲಿ ಸರಿಯಾಗೇ ಇದೆ" ಅನ್ನೋ ವಾಕ್ಯವನ್ನು ನಿಷೇಧಿಸಬೇಕು ಅಂತ ಕೆಲವರು ಹೇಳ್ತಾರೆ. ನನಗೆ ಹಾಗನ್ನಿಸಲ್ಲ. ಅದು ಉಪಯುಕ್ತ ಮಾಹಿತಿ. ಹುಡುಕಾಟ ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತೆ. ಅದರ ಬೆನ್ನಿಗೇ ಇನ್ನೊಂದು ವಾಕ್ಯ ಬಂದರೆ ಸಾಕು: "ನಿಮ್ಮ ಕಡೆ ಏನು ಕಾಣ್ತಿದೆ, ತೋರಿಸಿ."